ಅಮ್ಮನ ಮಂಡಿ ಆಪರೇಷನ್: ಇನ್ಶೂರೆನ್ಸ್‌ಗೆ ಕೊಟ್ಟ ಡಿಸ್ಕೌಂಟನ್ನು ನಮ್ಮಿಂದ ಕೇಳಿದಾಗ

ಅಮ್ಮನ ಎಡಗಾಲಿನ ಮಂಡಿ ಬದಲಾಯಿಸುವ ಆಪರೇಷನ್ ಚೆನ್ನಾಗಿ ಆಯಿತು. ಈಗ ಮನೆಯೊಳಗೆ ಕೋಲಿಲ್ಲದೆ ಓಡಾಡುತ್ತಾರೆ. ಆದರೆ ಆಪರೇಷನ್‌ಗಿಂತ ನಮ್ಮನ್ನು ಜಾಸ್ತಿ ಸುಸ್ತು ಮಾಡಿದ್ದು ಬಿಲ್. ಅದರ ಕೊನೆಯ ರೂಪಾಯಿ ಕಳೆದ ವಾರ ಚುಕ್ತಾ ಆಯಿತು. ಎಲ್ಲ ಸರಿಯಾಗಿ ನೆನಪಿರುವಾಗಲೇ ಬರೆದಿಡೋಣ ಅನ್ನಿಸಿತು. ಕ್ಯಾಶ್‌ಲೆಸ್ ಇನ್ಶೂರೆನ್ಸ್ (ಕಂಪನಿಯೇ ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟುವಂಥದ್ದು) ನಂಬಿಕೊಂಡು ಹಿರಿಯರನ್ನು ಆಸ್ಪತ್ರೆಗೆ ಸೇರಿಸಲು ಹೊರಟವರು ಯಾರಾದರೂ ಇದ್ದರೆ ಒಂದು ಮಾತು ಮೊದಲೇ ಹೇಳುತ್ತೇನೆ. ಆಸ್ಪತ್ರೆಯ ಬಿಲ್‌ನಲ್ಲಿ ಇನ್ಶೂರೆನ್ಸ್ ಕಂಪನಿ ಒಪ್ಪಿದ್ದನ್ನು ಕಳೆದು ಉಳಿಯುವುದೆಲ್ಲ ನಾವು ಕಟ್ಟಬೇಕಾದ ದುಡ್ಡಲ್ಲ.

ಅಮ್ಮ ಇರುವುದು ಅರಸೀಕೆರೆಯಲ್ಲಿ, ನಾನು ಬೆಂಗಳೂರಿನಲ್ಲಿ. ಮಂಡಿ ಸವೆದು ರಾತ್ರಿ ನಿದ್ದೆ ಬಾರದಷ್ಟು ನೋವಾದಾಗ ಇಲ್ಲಿಯ ಒಂದು ಖಾಸಗಿ ಆಸ್ಪತ್ರೆಗೆ ಕರೆತಂದೆ. ಅವರ ಹೆಸರಲ್ಲಿ 5 ಲಕ್ಷದ ಪಾಲಿಸಿ ಇತ್ತು. ಮಂಡಿ ಆಪರೇಷನ್‌ಗೆ ಇದ್ದ ಕಾಯುವ ಅವಧಿಯೂ ಮುಗಿದಿತ್ತು.

ಡಾಕ್ಟರು ಆಪರೇಷನ್ ಆಗಲೇಬೇಕು ಅಂದ ಮೇಲೆ ಅಂದಾಜು ಪಟ್ಟಿ ಕೊಡುವ ಕೌಂಟರ್‌ಗೆ ಕಳಿಸಿದರು. ಅಲ್ಲಿದ್ದ ಹುಡುಗಿ ಕೇಳಿದ ಮೊದಲ ಪ್ರಶ್ನೆಯೇ, “ಮೇಡಂ, ಕ್ಯಾಶಾ, ಇನ್ಶೂರೆನ್ಸಾ?” ಯಾಕೆ ಅಂತ ಕೇಳಿದೆ. ಎರಡಕ್ಕೂ ರೇಟ್ ಬೇರೆಯಂತೆ. ಎರಡನ್ನೂ ಬರೆದುಕೊಡಿ ಅಂದೆ. ಕ್ಯಾಶ್ ಕೊಟ್ಟರೆ ಪ್ಯಾಕೇಜ್ 2,60,000 ರೂಪಾಯಿ. ಇನ್ಶೂರೆನ್ಸ್ ಆದರೆ ಸುಮಾರು 3,50,000. ಅದೇ ಡಾಕ್ಟರು, ಅದೇ ಇಂಪ್ಲಾಂಟ್ (ಮಂಡಿಯೊಳಗೆ ಕೂರಿಸುವ ಕೃತಕ ಕೀಲು), ಅದೇ ವಾರ್ಡು. ತಲೆ ಬಿಸಿಯಾಯಿತು.

ಆಮೇಲೆ ಇದರ ಲೆಕ್ಕ ಅರ್ಥವಾಯಿತು. ಆಸ್ಪತ್ರೆಗೆ ಒಂದು ಲಿಸ್ಟ್ ರೇಟ್ ಇರುತ್ತದೆ. ಇನ್ಶೂರೆನ್ಸ್ ಕಂಪನಿಯ ನೆಟ್‌ವರ್ಕ್‌ಗೆ ಸೇರುವಾಗ ಆ ರೇಟಿನ ಮೇಲೆ ಇಷ್ಟು ಪರ್ಸೆಂಟ್ ಬಿಡುತ್ತೇವೆ, ಇಂಥ ಆಪರೇಷನ್‌ಗೆ ಇಷ್ಟಕ್ಕಿಂತ ಜಾಸ್ತಿ ಹಾಕುವುದಿಲ್ಲ ಅಂತ ಕರಾರು ಮಾಡಿಕೊಂಡಿರುತ್ತಾರೆ. ಕಂಪನಿಯಿಂದ ದುಡ್ಡು ಬರುವುದು ತಡ, ಬಿಟ್ಟುಕೊಡುವುದೂ ಇದೆ. ಹಾಗಾಗಿ ಲಿಸ್ಟ್ ರೇಟನ್ನೇ ಮೇಲೆ ಇಟ್ಟಿರುತ್ತಾರೆ. ಆಷಾಢ ಸೇಲ್‌ನಲ್ಲಿ ಸೀರೆಯ ಬೆಲೆ ಏರಿಸಿ ಆಮೇಲೆ ಡಿಸ್ಕೌಂಟ್ ಬೋರ್ಡ್ ಹಾಕಿದ ಹಾಗೆ. ಇದರಲ್ಲಿ ನಿಜವಾಗಿ ಪೆಟ್ಟು ತಿನ್ನುವವರು ಇನ್ಶೂರೆನ್ಸೂ ಇಲ್ಲದೆ, ಪ್ಯಾಕೇಜ್ ಅಂತ ಒಂದು ಇದೆ ಅನ್ನುವುದೂ ಗೊತ್ತಿಲ್ಲದೆ ಲಿಸ್ಟ್ ರೇಟಿನಲ್ಲೇ ಕಟ್ಟುವವರು.

ಅಮ್ಮನ ಪಕ್ಕದ ಹಾಸಿಗೆಯಲ್ಲಿ ಇದ್ದದ್ದು ಅಂಥವರೇ. ಚಳ್ಳಕೆರೆ ಕಡೆಯ ರೈತರು, ಬಿದ್ದು ಸೊಂಟದ ಮೂಳೆ ಮುರಿದಿತ್ತು. ಮಗ ದಿನಾ ಸಂಜೆ ಬಿಲ್ಲಿಂಗ್‌ಗೆ ಹೋಗಿ ಕಟ್ಟಿ ಬರುತ್ತಿದ್ದ. ಡಿಸ್ಚಾರ್ಜ್ ದಿನ ಕೈಮುಗಿದು ಕೇಳಿದ್ದಕ್ಕೆ ಒಟ್ಟು ಬಿಲ್ ಮೇಲೆ 5 ಪರ್ಸೆಂಟ್ ಬಿಟ್ಟರಂತೆ. ಅಷ್ಟಕ್ಕೇ ಆ ಹುಡುಗ ಖುಷಿಯಾಗಿದ್ದ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಸೇರಿಸುವ ಮೊದಲೇ ಪ್ಯಾಕೇಜ್ ಕೇಳಿದ್ದರೆ ಇನ್ನೂ ಎಷ್ಟೋ ಉಳಿಯುತ್ತಿತ್ತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಆದರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ರೆಫರಲ್ ಪಡೆಯಬೇಕು. ಮೂಳೆ ವಿಷಯವಾದರೆ ಬೆಂಗಳೂರಿನ ಜಯನಗರದಲ್ಲಿ ಸರ್ಕಾರದ್ದೇ ಆದ ಸಂಜಯ್ ಗಾಂಧಿ ಸಂಸ್ಥೆ ಇದೆ. ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲು ಅಲ್ಲೊಮ್ಮೆ ವಿಚಾರಿಸಿ, ದಯವಿಟ್ಟು.

ನಮ್ಮ ಕಥೆಗೆ ಬರುತ್ತೇನೆ. ಮುಂದಿನ ಗಂಟು ರೂಮಿನದು. ಅಮ್ಮನ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇ. 1, ಅಂದರೆ 5,000 ರೂಪಾಯಿ ಮಿತಿ. ಇಬ್ಬರು ಹಂಚಿಕೊಳ್ಳುವ ರೂಮು 4,200, ಒಬ್ಬರ ರೂಮು 7,500. ಅಡ್ಮಿಷನ್ ದಿನ ಶೇರಿಂಗ್ ರೂಮ್ ಖಾಲಿ ಇಲ್ಲ, ಸಿಂಗಲ್ ತಗೊಳ್ಳಿ, 2,500 ತಾನೇ ವ್ಯತ್ಯಾಸ ಅಂದರು. ವ್ಯತ್ಯಾಸ ಅಷ್ಟೇ ಅಲ್ಲ. ಮಿತಿ ಮೀರಿದ ರೂಮ್ ತೆಗೆದುಕೊಂಡರೆ ಅದೇ ಅನುಪಾತದಲ್ಲಿ ಬೇರೆ ಖರ್ಚುಗಳನ್ನೂ ಕತ್ತರಿಸುತ್ತಾರೆ. 7,500ಕ್ಕೆ 5,000 ಅಂದರೆ ಮೂರರಲ್ಲಿ ಎರಡು ಭಾಗ. ನಮ್ಮ ಬಿಲ್‌ನಲ್ಲಿ ಥಿಯೇಟರ್, ಸರ್ಜನ್, ಅನಸ್ತೇಷಿಯಾ ಸೇರಿ 1,48,000 ಇತ್ತು. ಅದರ ಮೂರನೇ ಒಂದು ಭಾಗ 49,000ಕ್ಕೂ ಮೇಲೆ. ಅದು ನಮ್ಮ ತಲೆಗೆ ಬರುತ್ತಿತ್ತು. ಜೊತೆಗೆ ದಿನಕ್ಕೆ 5,000 ಮೀರಿದ ರೂಮಿಗೆ 2022ರ ಜುಲೈಯಿಂದ ಶೇ. 5 ಜಿಎಸ್‌ಟಿ ಬೇರೆ, ಐಸಿಯುಗೆ ಮಾತ್ರ ಇಲ್ಲ.

ಇಲ್ಲೇ ಇನ್ನೊಂದು ಗೊತ್ತಿರಲಿ. ಹೀಗೆ ಅನುಪಾತದಲ್ಲಿ ಕತ್ತರಿಸುವಾಗ ಔಷಧ, ಕನ್ಸ್ಯೂಮಬಲ್ಸ್ (ಒಮ್ಮೆ ಬಳಸಿ ಬಿಸಾಡುವ ಸಾಮಾನು), ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳನ್ನು ಮುಟ್ಟುವ ಹಾಗಿಲ್ಲ ಅಂತ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ನಿಯಮ ಮಾಡಿದೆ. ಯಾರಿಗಾದರೂ ಇಡೀ ಬಿಲ್ ಮೇಲೆ ಕತ್ತರಿ ಹಾಕಿದ್ದರೆ ಪ್ರಶ್ನೆ ಮಾಡಿ.

ನಾನು ಶೇರಿಂಗ್ ರೂಮೇ ಬೇಕು ಅಂತ ಕೂತೆ. ಅಮ್ಮ ವೀಲ್‌ಚೇರ್‌ನಲ್ಲಿ, ಊಟದ ಹೊತ್ತು ಮೀರಿತ್ತು. ಕೊನೆಗೆ ಒಂದು ರಾತ್ರಿ ಸಿಂಗಲ್ ರೂಮಿನಲ್ಲಿ ಇಟ್ಟುಕೊಂಡು ಶೇರಿಂಗ್ ರೇಟೇ ಹಾಕುತ್ತೇವೆ ಅಂದರು. ಬಾಯಿ ಮಾತು ಬೇಡ, ಅಡ್ಮಿಷನ್ ಹಾಳೆಯ ಮೇಲೆ ಬರೆದು ಸೀಲ್ ಹಾಕಿ ಅಂದೆ. ಹಾಕಿದರು. ಡಿಸ್ಚಾರ್ಜ್ ದಿನ ಆ ಸೀಲ್ ಕೆಲಸಕ್ಕೆ ಬಂತು, ಯಾಕೆಂದರೆ ಮೊದಲ ಬಿಲ್‌ನಲ್ಲಿ 7,500 ರೂಪಾಯಿಯೇ ಬಿದ್ದಿತ್ತು.

ಕ್ಯಾಶ್‌ಲೆಸ್ ಆದರೂ 30,000 ಡಿಪಾಸಿಟ್ ಕಟ್ಟಿಸಿಕೊಂಡರು. ಕಟ್ಟಿದ ರಸೀದಿ ಜೋಪಾನ. ರೀಫಂಡ್ ಕೇಳುವಾಗ ಮೂಲ ರಸೀದಿಯೇ ಬೇಕು ಅಂತಾರೆ. ಕಂಪನಿಯಿಂದ ಮೊದಲ ಒಪ್ಪಿಗೆ ಬರುವ ಮುಂಚೆ ಒಂದು ಪ್ರಶ್ನೆ ಬಂತು: ನೋವು ಯಾವಾಗಿನಿಂದ ಇದೆ, ಮೊದಲ ಸಲ ತೋರಿಸಿದ ಚೀಟಿ ಎಲ್ಲಿ? ಅರಸೀಕೆರೆ ಡಾಕ್ಟರ ಹಳೇ ಚೀಟಿಯನ್ನು ಅಮ್ಮ ಬೀರುವಿನಲ್ಲಿ ಎಲ್ಐಸಿ ಬಾಂಡ್ ಜೊತೆ ಇಟ್ಟಿದ್ದರು. ಪಕ್ಕದ ಮನೆಯವರು ಫೋಟೊ ತೆಗೆದು ಕಳಿಸಿದ್ದರಿಂದ ಬಚಾವಾದೆವು.

ಆಪರೇಷನ್ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಯುವುದು ಕಷ್ಟ, ಅಷ್ಟೇ. ಆದರೆ ಇಂಪ್ಲಾಂಟ್ ವಿಷಯ ಹೇಳಬೇಕು. ಒಂದು ಕಾಲದಲ್ಲಿ ಕೋಬಾಲ್ಟ್ ಕ್ರೋಮಿಯಂ ಮಂಡಿ ಇಂಪ್ಲಾಂಟ್‌ನ ಎಂಆರ್‌ಪಿ ಒಂದೂವರೆ ಲಕ್ಷದ ಮೇಲಿತ್ತು. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಅದಕ್ಕೆ 54,720 ರೂಪಾಯಿ ಗರಿಷ್ಠ ಬೆಲೆ ಕಟ್ಟಿತು, ಜಿಎಸ್‌ಟಿ ಪ್ರತ್ಯೇಕ. ಅದೇ ವರ್ಷ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟ್‌ಗೂ ಹೀಗೇ ಮಿತಿ ಹಾಕಿತ್ತು. ಈಗಿನ ಮಿತಿ ಎಷ್ಟು ಅಂತ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಆಪರೇಷನ್‌ಗೆ ಮೊದಲೇ ನೋಡಿಕೊಳ್ಳಿ. ಔಷಧಗಳ ಬೆಲೆ ನೋಡಲು ಅವರದೇ ಫಾರ್ಮಾ ಸಹಿ ದಾಮ್ ಅನ್ನುವ ಆ್ಯಪ್ ಇದೆ. ಆಪರೇಷನ್ ಆದ ಮೇಲೆ ಇಂಪ್ಲಾಂಟ್ ಡಬ್ಬದ ಮೇಲಿನ ಸ್ಟಿಕ್ಕರ್‌ಗಳ ಪ್ರತಿಯನ್ನೂ ಇನ್ವಾಯ್ಸನ್ನೂ ಕೇಳಿ ತೆಗೆದುಕೊಳ್ಳಿ. ಲಾಟ್ ನಂಬರ್ ಅದರ ಮೇಲಿರುತ್ತದೆ. ಇನ್ಶೂರೆನ್ಸ್‌ನವರೂ ಅದನ್ನು ಕೇಳುತ್ತಾರೆ, ಮುಂದೆ ಇಂಪ್ಲಾಂಟ್‌ಗೆ ಏನಾದರೂ ಆದರೆ ನಮಗೂ ಬೇಕು.

ಇಂಪ್ಲಾಂಟ್‌ಗೆ ಮಿತಿ ಇದೆ, ಸರಿ. ಫಾರ್ಮಸಿ ಬಿಲ್‌ಗೆ? ರಾತ್ರಿ ಅಮ್ಮ ಮಲಗಿದ ಮೇಲೆ ಅದುವರೆಗಿನ ಫಾರ್ಮಸಿ ಬಿಲ್‌ಗಳನ್ನು ಹರಡಿಕೊಂಡು ಕೂತೆ. ಕೈಗೆ ಚುಚ್ಚುವ ಐವಿ ಕ್ಯಾನುಲಾ ಒಂದಕ್ಕೆ 240 ರೂಪಾಯಿ. ಮರುದಿನ ಕಾಫಿಗೆ ಹೋದಾಗ ಎದುರಿನ ಸರ್ಜಿಕಲ್ ಅಂಗಡಿಯಲ್ಲಿ ಅದೇ ಕಂಪನಿಯ ಅದೇ ಅಳತೆಯದನ್ನು ಕೇಳಿದೆ. ಪ್ಯಾಕೆಟ್ ಮೇಲೆ ಎಂಆರ್‌ಪಿ 240 ಅಂತಲೇ ಇತ್ತು. ಅಂಗಡಿಯವರು ಕೇಳಿದ್ದು 70. ಆಸ್ಪತ್ರೆ ಎಂಆರ್‌ಪಿಗಿಂತ ಒಂದು ಪೈಸೆ ಜಾಸ್ತಿ ಹಾಕಿಲ್ಲ, ಕಾನೂನು ಮೀರಿಲ್ಲ. ಛಾಪಿಸಿರುವ ಬೆಲೆಯೇ ಹಾಗಿದೆ. 2018ರಲ್ಲಿ ಇದೇ ಪ್ರಾಧಿಕಾರ ದೆಹಲಿ ಸುತ್ತಮುತ್ತಲ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ಪರಿಶೀಲಿಸಿದಾಗ ಕೆಲವು ಐಟಂಗಳ ಮೇಲೆ ಲಾಭ ಶೇ. 1,737ರವರೆಗೆ ಇರುವುದು ಕಂಡುಬಂದಿತ್ತು. ಹೊರಗಿನಿಂದ ತರಲು ಬಿಡಿ ಅನ್ನುವ ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2025ರ ಮಾರ್ಚ್‌ನಲ್ಲಿ ಕೋರ್ಟು ತಾನೇ ನಿರ್ದೇಶನ ಕೊಡದೆ, ನೀತಿ ಮಾಡುವುದನ್ನು ಸರ್ಕಾರಗಳಿಗೆ ಬಿಟ್ಟಿತು. ಹಾಗಾಗಿ ವಾರ್ಡಿನಲ್ಲಿ ನಾವು ಮಾಡಬಹುದಾದದ್ದು ಕಡಿಮೆ. ಒಂದಂತೂ ಮಾಡಿ: ಬಳಸದೆ ಉಳಿದ ಇಂಜೆಕ್ಷನ್, ಸಿರಿಂಜ್, ಗ್ಲೌಸ್‌ಗಳನ್ನು ಫೈನಲ್ ಬಿಲ್ ಆಗುವ ಮೊದಲು ರಿಟರ್ನ್ ಮಾಡಲು ನರ್ಸ್‌ಗೆ ನೆನಪಿಸಿ. ನಮ್ಮದರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಹಾಗೆ ವಾಪಸ್ ಬಂತು.

ಡಿಸ್ಚಾರ್ಜ್ ದಿನ ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರು ಮನೆಗೆ ಹೋಗಬಹುದು ಅಂದರು. ಅಮ್ಮ ತಲೆ ಬಾಚಿಕೊಂಡು, ಸೀರೆ ಉಟ್ಟು ತಯಾರಾಗಿ ಕೂತರು. ಸಂಜೆಯಾದರೂ ಕೂತೇ ಇದ್ದರು. ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ಇನ್ಶೂರೆನ್ಸ್ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು ಅಂತ 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆ ಹೇಳುತ್ತದೆ. ತಡವಾಗಿ ಆಸ್ಪತ್ರೆ ಜಾಸ್ತಿ ಚಾರ್ಜ್ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಆದರೆ ಮೂರು ಗಂಟೆಯ ಲೆಕ್ಕ ಶುರುವಾಗುವುದು ಆಸ್ಪತ್ರೆ ಫೈನಲ್ ಬಿಲ್ ಕಳಿಸಿದ ಮೇಲೆ. ನಮ್ಮ ದಿನ ಹೋಗಿದ್ದು ಅದಕ್ಕೂ ಮುಂಚೆ: ಸಮ್ಮರಿ ಟೈಪ್ ಆಗಬೇಕು, ಫಾರ್ಮಸಿ ಕ್ಲಿಯರ್ ಆಗಬೇಕು, ಫಿಸಿಯೋದವರ ಸಹಿ ಆಗಬೇಕು. ಹಿಂದಿನ ದಿನ ಸಂಜೆಯೇ ಡ್ಯೂಟಿ ಡಾಕ್ಟರಿಗೆ ಹೇಳಿ ಸಮ್ಮರಿ ಶುರು ಮಾಡಿಸಿದರೆ ಅರ್ಧ ದಿನ ಉಳಿಯುತ್ತದೆ.

ಫೋನಿಗೆ ಮೆಸೇಜ್ ಬಂತು: ಒಪ್ಪಿದ ಮೊತ್ತ 2,87,300. ರೂಮಿನ ರೇಟ್ ಸರಿ ಮಾಡಿಸಿದ ಮೇಲೆ ನಮ್ಮ ಬಿಲ್ ಇದ್ದದ್ದು 3,40,000. ಕ್ಯಾಶ್ ಕೌಂಟರ್‌ನವರು ಸ್ಕ್ರೀನ್ ನೋಡಿ ಹೇಳಿದರು, “ಮೇಡಂ, 52,700 ಬ್ಯಾಲೆನ್ಸ್ ಇದೆ. ಅಡ್ವಾನ್ಸ್ 30,000 ಕಳೆದು 22,700 ಕಟ್ಟಿ, ಗೇಟ್ ಪಾಸ್ ಕೊಡ್ತೀವಿ.”

ಹಿಂದೆ ಸಾಲು ಬೆಳೆದಿತ್ತು. ಪಕ್ಕದಲ್ಲಿ ಅಮ್ಮ, “ಹೋಗ್ಲಿ ಬಿಡಮ್ಮ, ಕೊಟ್ಟು ನಡಿ. ದುಡ್ಡಿಗೆ ನಿಂತು ಜಗಳ ಆಡೋದು ಬೇಡ” ಅಂದರು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸಿ ಮುಖ ಬಿಸಿಯಾಯಿತು. ಬಹಳ ಜನ ಕಟ್ಟಿಬಿಡುವುದು ಈ ಕ್ಷಣದಲ್ಲೇ ಅಂತ ನನಗೆ ಅನ್ನಿಸುತ್ತದೆ. ರೋಗಿ ಸುಸ್ತಾಗಿರುತ್ತಾರೆ, ಆಟೋ ಅಥವಾ ಕಾರು ಹೊರಗೆ ನಿಂತಿರುತ್ತದೆ, ಕೈಯಲ್ಲಿ ಕಾಗದ ಒಂದೂ ಇರುವುದಿಲ್ಲ.

ನಾನು ಕೇಳಿದ್ದು ಒಂದೇ. ಒಪ್ಪಿಗೆ ಪತ್ರದ ಪೂರ್ತಿ ಪ್ರತಿ ಕೊಡಿ. ಮೊದಲ ಪುಟ ಮಾತ್ರ ಕೊಟ್ಟರು. ಎರಡನೆಯದೂ ಬೇಕು ಅಂದೆ. ಟಿಪಿಎ ಡೆಸ್ಕ್‌ಗೆ, ಅಂದರೆ ಆಸ್ಪತ್ರೆಯಲ್ಲೇ ಇನ್ಶೂರೆನ್ಸ್ ಕೆಲಸ ನೋಡುವ ಕೌಂಟರ್‌ಗೆ, ಹೋಗಿ ಅಂದರು. ಅಲ್ಲಿದ್ದವರು ಊಟಕ್ಕೆ ಹೋಗಿದ್ದರು. ಕಾದೆ. ಎರಡನೇ ಪುಟದಲ್ಲಿ 52,700 ಹೇಗೆ ಬಂತು ಅನ್ನುವುದು ಸ್ಪಷ್ಟವಾಗಿ ಬರೆದಿತ್ತು. ನೆಟ್‌ವರ್ಕ್ ಡಿಸ್ಕೌಂಟ್ 19,140. ಒಪ್ಪಿದ ಟ್ಯಾರಿಫ್‌ಗಿಂತ ಹೆಚ್ಚುವರಿ 19,000. ಪಾವತಿಸಲಾಗದ, ಅಂದರೆ ಕಂಪನಿ ಕೊಡದ, ಐಟಂಗಳು 14,560.

ಡಿಸ್ಕೌಂಟ್ ಅಂದರೆ ರೂಮ್, ಥಿಯೇಟರ್ ಮತ್ತು ಸರ್ಜನ್, ಲ್ಯಾಬ್ ಸೇರಿದ 1,91,400ರ ಮೇಲೆ ಶೇ. 10. ಆಸ್ಪತ್ರೆ ತಾನೇ ಕರಾರಿನಲ್ಲಿ ಬಿಟ್ಟುಕೊಡುತ್ತೇನೆ ಅಂದ ದುಡ್ಡು. ಹೆಚ್ಚುವರಿ ಟ್ಯಾರಿಫ್ ಅಂದರೆ ಕರಾರಿನ ದರ ಬಿಟ್ಟು ಲಿಸ್ಟ್ ರೇಟಿನಲ್ಲಿ ಹಾಕಿದ ಥಿಯೇಟರ್ ಚಾರ್ಜ್. ಎರಡರ ಕೆಳಗೂ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಈ ಮೊತ್ತವನ್ನು ಪಾಲಿಸಿದಾರರಿಂದ ವಸೂಲಿ ಮಾಡತಕ್ಕದ್ದಲ್ಲ. 38,140 ರೂಪಾಯಿ! ಆಸ್ಪತ್ರೆ ಕಂಪನಿಗೆ ಬಿಟ್ಟದ್ದನ್ನು ನಮ್ಮಿಂದ ಪಡೆಯಲು ಹೊರಟಿತ್ತು.

ಆ ಸಾಲಿನ ಮೇಲೆ ಬೆರಳಿಟ್ಟು ಬಿಲ್ಲಿಂಗ್ ಮ್ಯಾನೇಜರ್‌ಗೆ ತೋರಿಸಿದೆ. ಸಿಸ್ಟಂನಲ್ಲಿ ಹಾಗೇ ಬರುತ್ತೆ ಮೇಡಂ ಅಂದರು. ಹಾಗಾದರೆ ಡಿಸ್ಕೌಂಟನ್ನು ನನ್ನಿಂದ ತೆಗೆದುಕೊಳ್ಳುತ್ತಿದ್ದೇವೆ ಅಂತ ರಸೀದಿಯಲ್ಲಿ ಬರೆದುಕೊಡಿ, ಕಟ್ಟುತ್ತೇನೆ ಅಂದೆ. ಅಲ್ಲೇ ನಿಂತು ಇನ್ಶೂರೆನ್ಸ್ ಕಂಪನಿಯ ಸಹಾಯವಾಣಿಗೂ ಫೋನ್ ಮಾಡಿದೆ. ಅವರು ಅದನ್ನೇ ಮತ್ತೆ ಆಸ್ಪತ್ರೆಗೆ ಮೇಲ್ ಮಾಡಿದರು. ಮ್ಯಾನೇಜರ್ ಒಳಗೆ ಹೋಗಿ ಬಂದು 38,140 ತೆಗೆದುಹಾಕಿದರು. ದನಿ ಏರಿಸುವ ಪ್ರಸಂಗ ಬರಲಿಲ್ಲ. ಕಾಗದ ಮಾತಾಡಿತು.

ಉಳಿದ 14,560ಕ್ಕೂ ಐಟಂವಾರು ಪಟ್ಟಿ ಕೇಳಿದೆ. ಐಆರ್‌ಡಿಎಐ ಇದಕ್ಕೆ ನಾಲ್ಕು ಪಟ್ಟಿ ಮಾಡಿದೆ. ಮೊದಲನೆಯದರಲ್ಲಿ 68 ಐಟಂಗಳಿವೆ. ಗ್ಲೌಸ್, ಮಾಸ್ಕ್, ಇಸಿಜಿ ಎಲೆಕ್ಟ್ರೋಡ್, ಡೈಪರ್, ವಾಕರ್, ನೀ ಬ್ರೇಸ್ ಎಲ್ಲ ಅದರಲ್ಲೇ. ಪಾಲಿಸಿಯಲ್ಲಿ ಇವಕ್ಕೆ ವಿಶೇಷ ರೈಡರ್ (ಹೆಚ್ಚುವರಿ ರಕ್ಷಣೆ) ಇಲ್ಲದಿದ್ದರೆ ಇವು ನಮ್ಮ ಖರ್ಚು. ಉಳಿದ ಮೂರು ಪಟ್ಟಿಗಳ ಐಟಂಗಳು ರೂಮ್ ಬಾಡಿಗೆಯಲ್ಲಿ, ಆಪರೇಷನ್ ಚಾರ್ಜಿನಲ್ಲಿ, ಚಿಕಿತ್ಸೆಯ ವೆಚ್ಚದಲ್ಲಿ ಸೇರಿಹೋಗಬೇಕಾದವು. ನಮ್ಮ ಪಟ್ಟಿಯಲ್ಲಿ ಆರ್ಥೋ ಬಂಡಲ್ 3,300, ಅಡ್ಮಿಷನ್ ಕಿಟ್ 1,010, ಫೈಲ್ ಮತ್ತು ಡಾಕ್ಯುಮೆಂಟೇಶನ್ 850 ಇದ್ದವು. ಥಿಯೇಟರ್ ಚಾರ್ಜ್, ರೂಮ್ ಬಾಡಿಗೆ ಪೂರ್ತಿ ಹಾಕಿದ ಮೇಲೆ ಇವನ್ನು ಬೇರೆ ಯಾಕೆ ಹಾಕಿದಿರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಎಳೆದಾಡಿ ಆ 5,160 ಕೂಡ ಬಿಟ್ಟರು. ನಾನು ಕಟ್ಟಬೇಕಾಗಿ ಬಂದದ್ದು 9,400. ಅದರಲ್ಲಿ ವಾಕರ್ 2,200. ಎದುರಿನ ಅಂಗಡಿಯಲ್ಲಿ ಅಂಥದ್ದೇ 900ಕ್ಕೆ ಇತ್ತು. ವಾಕರ್, ಬ್ರೇಸ್ ಬರೆದುಕೊಟ್ಟಾಗಲೇ ನಾವು ಹೊರಗಿನಿಂದ ತರುತ್ತೇವೆ ಅಂತ ವಾರ್ಡಿನಲ್ಲಿ ಹೇಳಿಬಿಡಿ.

ಆಸ್ಪತ್ರೆ ಬಗ್ಗದಿದ್ದರೆ ಏನು ಮಾಡಬೇಕು ಅಂತ ನಾನು ಮೊದಲೇ ತಿಳಿದುಕೊಂಡಿದ್ದೆ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ 2007ರ ಕೆಪಿಎಂಇ ಕಾಯ್ದೆ ಇದೆ, 2017ರಲ್ಲಿ ತಿದ್ದುಪಡಿ ಆಯಿತು. ದರಪಟ್ಟಿ ಜನರಿಗೆ ಕಾಣುವಂತೆ ಇಡಬೇಕು. ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ, ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು. ತಪ್ಪು ಇನ್ಶೂರೆನ್ಸ್ ಕಂಪನಿಯದಾದರೆ ಮೊದಲು ಅವರ ದೂರು ವಿಭಾಗಕ್ಕೆ ಲಿಖಿತವಾಗಿ ಕೊಡಿ, ಐಆರ್‌ಡಿಎಐನ ದೂರು ವೆಬ್‌ಸೈಟ್ ಆದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ವಿಮಾ ಒಂಬುಡ್ಸ್‌ಮನ್ (ವಿಮೆ ದೂರುಗಳನ್ನು ಕೇಳಿ ತೀರ್ಮಾನಿಸುವ ಅಧಿಕಾರಿ) ಹತ್ತಿರ ಹೋಗಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಫೀಸ್ ಇಲ್ಲ, ವಕೀಲರು ಬೇಕಿಲ್ಲ.

ಗೇಟ್ ಪಾಸ್ ಕೈಗೆ ಬಂದಾಗ ಕತ್ತಲಾಗಿತ್ತು. ಡಿಪಾಸಿಟ್‌ನಲ್ಲಿ 20,600 ವಾಪಸ್ ಬರಬೇಕಿತ್ತು. ಒಂದು ವಾರ ಅಂದವರು ಸುಮಾರು ಒಂದು ತಿಂಗಳು ತೆಗೆದುಕೊಂಡರು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಅಮ್ಮನ ಹೆಸರಿನ ಇನಿಶಿಯಲ್ ಮುಂದಿದೆ, ಆಧಾರ್‌ನಲ್ಲಿ ಹಿಂದಿದೆ, ಅದಕ್ಕೊಂದು ಪತ್ರ ಬರೆದುಕೊಡಬೇಕಾಯಿತು. ರೀಫಂಡ್‌ಗೆ ಕೊಡುವ ಖಾತೆ, ಪಾಲಿಸಿ, ಆಸ್ಪತ್ರೆ ದಾಖಲೆ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯಾ ಅಂತ ಅಡ್ಮಿಷನ್ ದಿನವೇ ನೋಡಿಕೊಳ್ಳಿ.

ಆಪರೇಷನ್‌ಗೆ ಮೊದಲು ಮಾಡಿಸಿದ ರಕ್ತಪರೀಕ್ಷೆ, ಎಕ್ಸ್-ರೇ, ಮನೆಗೆ ಬಂದ ಮೇಲಿನ ಔಷಧದ ಖರ್ಚನ್ನು ಬೇರೆಯಾಗಿ ಕ್ಲೇಮ್ ಮಾಡಿದೆವು. ನಮ್ಮ ಪಾಲಿಸಿಯಲ್ಲಿ ಸೇರುವ ಮೊದಲಿನ 30 ದಿನ, ಬಿಟ್ಟ ನಂತರದ 60 ದಿನದ ಖರ್ಚು ಸಿಗುತ್ತದೆ. ಡಿಸ್ಚಾರ್ಜ್ ಸಮ್ಮರಿ, ಡಾಕ್ಟರ ಚೀಟಿ, ಮೂಲ ಬಿಲ್, ರಿಪೋರ್ಟ್, ಕ್ಯಾನ್ಸಲ್ ಮಾಡಿದ ಚೆಕ್ ಎಲ್ಲ ಸೇರಿಸಿ ಕಳಿಸಿದೆ, ಪ್ರತಿಯೊಂದರ ಜೆರಾಕ್ಸ್ ಇಟ್ಟುಕೊಂಡೆ. ಮನೆಗೆ ಬಂದು ಫಿಸಿಯೋಥೆರಪಿ ಮಾಡಿದವರ ಬಿಲ್ ಮಾತ್ರ ವಾಪಸ್ ಬಂತು, ಅದರ ಮೇಲೆ ಅವರ ನೋಂದಣಿ ಸಂಖ್ಯೆ ಇರಲಿಲ್ಲ. ಅವರಿಂದ ಹೊಸ ಬಿಲ್ ಬರೆಸಿ, ಮನೆಯಲ್ಲೇ ಫಿಸಿಯೋ ಮಾಡಿಸಿ ಅಂತ ಡಾಕ್ಟರು ಬರೆದ ಚೀಟಿ ಜೊತೆಗಿಟ್ಟು ಮತ್ತೆ ಕಳಿಸಿದೆ. ಆ ದುಡ್ಡು ಕಳೆದ ವಾರ ಅಮ್ಮನ ಖಾತೆಗೆ ಬಂತು.